ಸಂಚಿನ ಡ್ರಾಯರ್

ವೇದಿಕೆಯ ನಡುವಿನ ಕುರ್ಚಿಯಲ್ಲಿ ಕುಳಿತು ಆಗಲೇ ಎರಡು ಸಲ ಗಡಿಯಾರ ನೋಡಿರುವ ಮಾನ್ಯ ಅಧ್ಯಕ್ಷರೇ, ನಿಘಂಟು ಸಮಿತಿಯ ಸದಸ್ಯರೇ, ಇಪ್ಪತ್ತಾರು ವರ್ಷ ‘ಪುಸ್ತಕ ಯಾವಾಗ’ ಎಂದು ಕೇಳಿ ಕೇಳಿ ಕೂದಲು ನರೆಸಿಕೊಂಡ ಮುದ್ರಣಾಲಯದ ಹಿರಿಯರೇ, ಬೇಗ ಎದ್ದು ಹೋಗಲು ಅನುಕೂಲವಾಗಲೆಂದು ಬಾಗಿಲ ಪಕ್ಕದಲ್ಲೇ ಕುಳಿತಿರುವ ಜಾಣ ಸಭಿಕರೇ, ಮತ್ತು ಇಂದು ಸನ್ಮಾನ ಸ್ವೀಕರಿಸಲಿರುವ, ನಮ್ಮ ಪ್ರಧಾನ ಸಂಪಾದಕರಾಗಿದ್ದ, ನಾವೆಲ್ಲ ‘ದೊಡ್ಡವರು’ ಎಂದೇ ಕರೆಯುವ ದೊಡ್ಡವರೇ, ನಿಮ್ಮೆಲ್ಲರಿಗೂ ನನ್ನ ವಂದನೆಗಳು.

ಈ ಮೈಕು ನನಗಿಂತ ಎತ್ತರದವರಿಗೆ ಮಾಡಿದ್ದು. ತಗ್ಗಿಸೋಣವೆಂದು ನೋಡಿದೆ, ತಿರುಪು ತಿರುಗುತ್ತಿಲ್ಲ. ಇರಲಿ, ನಾನೇ ಸ್ವಲ್ಪ ಕತ್ತು ಎತ್ತಿ ಮಾತಾಡುತ್ತೇನೆ. ಕತ್ತು ಎತ್ತಿ ಮಾತಾಡುವ ಮುಖ ನನ್ನದಲ್ಲ ಎನ್ನುವುದು ಇನ್ನು ಸ್ವಲ್ಪ ಹೊತ್ತಿಗೆ ನಿಮಗೇ ಗೊತ್ತಾಗುತ್ತದೆ.

ನನ್ನ ಕೈಯಲ್ಲಿ ಮೂರು ಹಾಳೆಗಳಿವೆ. ದೊಡ್ಡವರ ಗುಣಗಾನ. ನಿನ್ನೆ ಮಧ್ಯಾಹ್ನ ಕುಳಿತು ಚೆನ್ನಾಗಿಯೇ ಬರೆದಿದ್ದೆ. ಇವತ್ತು ಬೆಳಿಗ್ಗೆ ಒಂದು ಘಟನೆ ನಡೆಯಿತು. ಅದಾದ ಮೇಲೆ ಈ ಹಾಳೆಗಳನ್ನು ಓದಲು ನಾಲಿಗೆ ಏಳುತ್ತಿಲ್ಲ. ಹಾಗಾಗಿ ಇವನ್ನು ಮಡಿಚಿ ಇಲ್ಲೇ ನೀರಿನ ಲೋಟದ ಕೆಳಗೆ ಇಡುತ್ತೇನೆ. ಅಧ್ಯಕ್ಷರು ಗಾಬರಿಯಾಗಬಾರದು. ನಾನು ಮುಗಿಸುತ್ತೇನೆ. ಇಪ್ಪತ್ತಾರು ವರ್ಷ ತೆಗೆದುಕೊಳ್ಳುವುದಿಲ್ಲ.

ಸಭೆ ಶುರುವಾಗುವ ಮುನ್ನ ನೀವೆಲ್ಲ ಒಂದು ದೃಶ್ಯ ನೋಡಿದಿರಿ. ದೊಡ್ಡವರನ್ನು ಇಬ್ಬರು ಎರಡೂ ಕಡೆ ಕೈ ಹಿಡಿದು ಮೆಟ್ಟಿಲು ಹತ್ತಿಸಿದರು. ಒಬ್ಬರು, ‘ಸಾರ್, ಮೆಟ್ಲಿದೆ, ಮೆಟ್ಲು, ಇನ್ನೊಂದು’ ಎಂದು ಕಿವಿಯ ಹತ್ತಿರ ಕೂಗಿದರು. ಕುರ್ಚಿಯ ತೋಳನ್ನು ಅವರ ಅಂಗೈಗೆ ಮುಟ್ಟಿಸಿ ಕೂರಿಸಿದರು. ಮುಂದಿನ ಸಾಲಿನಲ್ಲಿ ಯಾರೋ ‘ಪಾಪ’ ಎಂದದ್ದು ನನಗೂ ಕೇಳಿಸಿತು. ದೊಡ್ಡವರು ಒಂದು ಮಾತೂ ಆಡದೆ ಕೂತರು. ಆ ದೃಶ್ಯವನ್ನು ದಯವಿಟ್ಟು ಮರೆಯಬೇಡಿ, ಅದಕ್ಕೆ ಮತ್ತೆ ಬರುತ್ತೇನೆ.

ಮೊದಲು ನಮ್ಮ ಕಚೇರಿಯ ವಿಷಯ. ಇಂಗ್ಲಿಷ್ ಪದಕ್ಕೆ ನಮ್ಮ ಭಾಷೆಯಲ್ಲಿ ಅರ್ಥ ಕೊಡುವ ನಿಘಂಟು ಎಂದರೆ ನೀವು ಏನೆಂದುಕೊಂಡಿರುತ್ತೀರಿ? ನಾಲ್ಕು ಜನ ಕೂತು ಹಳೆಯ ನಿಘಂಟು ನೋಡಿಕೊಂಡು ಹೊಸದು ಬರೆಯುತ್ತಾರೆ ಎಂದಲ್ಲವೇ? ನಾನೂ ಹಾಗೇ ಅಂದುಕೊಂಡು ಟೈಪಿಸ್ಟಾಗಿ ಸೇರಿದವಳು. ಒಳಗೆ ಬಂದರೆ ಒಂದು ಉದ್ದನೆಯ ಕೋಣೆ. ಗೋಡೆಯುದ್ದಕ್ಕೂ ಮರದ ಡ್ರಾಯರ್‌ಗಳು. ಒಂದೊಂದರಲ್ಲೂ ಅಂಗೈಯಗಲದ ಕಾರ್ಡ್‌ಗಳು. ಒಂದು ಪದಕ್ಕೆ ಒಂದು ಕಾರ್ಡ್. ಮೇಲೆ ಪದ, ನಡುವೆ ಅರ್ಥ, ಅದರ ಕೆಳಗೆ ಒಂದು ಉದಾಹರಣೆಯ ವಾಕ್ಯ, ಕೊನೆಗೆ ಬಲಮೂಲೆಯಲ್ಲಿ ದೊಡ್ಡವರ ಸಹಿ. ಆ ಸಹಿ ಬೀಳದೆ ಯಾವ ಕಾರ್ಡೂ ಮುದ್ರಣಕ್ಕೆ ಹೋಗುವಂತಿರಲಿಲ್ಲ.

ಈಗ ಆ ಉದಾಹರಣೆಯ ವಾಕ್ಯದ ವಿಷಯ. ಅದೇ ನಮ್ಮ ಪಾಡು. ದೊಡ್ಡವರದು ಒಂದೇ ನಿಯಮ. ವಾಕ್ಯ ನಿಜವಾಗಿರಬೇಕು. ವ್ಯಾಕರಣಕ್ಕೆ ಸರಿಯಾದರೆ ಸಾಲದು, ನಡೆದದ್ದಾಗಿರಬೇಕು, ಬರೆದವರು ಕಣ್ಣಾರೆ ಕಂಡದ್ದೋ ಸ್ವತಃ ಮಾಡಿದ್ದೋ ಆಗಿರಬೇಕು. ‘ರಾಜನು ಬೇಟೆಗೆ ಹೋದನು’ ಎಂದು ಬರೆದುಕೊಂಡು ಹೋದಿರೋ, ಕಾರ್ಡನ್ನು ಎರಡು ಬೆರಳಲ್ಲಿ ಹಿಡಿದು ಕೇಳುತ್ತಿದ್ದರು: ‘ಯಾವ ರಾಜ? ನೀವು ನೋಡಿದ್ರಾ?’

ಆ ‘ನೀವು ನೋಡಿದ್ರಾ’ ನನ್ನ ಜೀವ ಹಿಂಡಿದೆ ಸಭಿಕರೇ. ಮನೆಯಲ್ಲಿ ನನ್ನ ಅಮ್ಮ ‘ಪಕ್ಕದ ಮನೆಯವರು ಜಗಳ ಆಡಿದ್ರಂತೆ’ ಎಂದರೆ ನನ್ನ ಬಾಯಿಂದ ತಾನಾಗಿ ‘ನೀನು ನೋಡಿದ್ಯಾ’ ಎಂದು ಬರುತ್ತಿತ್ತು. ಅಮ್ಮ ಆರು ತಿಂಗಳು ನನಗೆ ಸುದ್ದಿ ಹೇಳುವುದನ್ನೇ ಬಿಟ್ಟರು.

ವಾಕ್ಯ ಸುಳ್ಳೆಂದು ಗೊತ್ತಾದರೆ ಒಂದು ಶಿಕ್ಷೆಯಿತ್ತು. ಶನಿವಾರ ಕೆಲಸ ಮುಗಿಯುವ ಹೊತ್ತಿಗೆ ಎಲ್ಲರೂ ಪೆನ್ನು ಕೆಳಗಿಡಬೇಕು. ಸುಳ್ಳು ಬರೆದವರು ಎದ್ದು ನಿಂತು ಆ ವಾಕ್ಯವನ್ನು ಗಟ್ಟಿಯಾಗಿ ಓದಬೇಕು. ಓದಿ, ‘ಇದು ಸುಳ್ಳು’ ಎನ್ನಬೇಕು. ಆಮೇಲೆ ಅಲ್ಲೇ ನಿಂತ ಕಾಲಲ್ಲೇ ಖಾಲಿ ಕಾರ್ಡಿನ ಮೇಲೆ ಒಂದು ನಿಜವಾದ ವಾಕ್ಯ ಬರೆದು, ಅದನ್ನೂ ಓದಿ ಕೂರಬೇಕು. ಅಷ್ಟೇ. ಬೈಗುಳವಿಲ್ಲ, ಮೆಮೋ ಇಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ನಾನು ಸೇರಿದ ಮೊದಲ ವಾರವೇ ಎದ್ದು ನಿಂತವಳು. ತಡವಾಗಿ ಬಂದು, ಬಸ್ಸು ಕೆಟ್ಟಿತ್ತು ಎಂದಿದ್ದೆ. ಬಸ್ಸು ಕೆಟ್ಟಿರಲಿಲ್ಲ, ನಾನು ನಿದ್ದೆಯಿಂದ ಎದ್ದಿರಲಿಲ್ಲ. ಶನಿವಾರ ದೊಡ್ಡವರು ‘ಕಾಂಕಾಕ್ಟ್’ ಎಂಬ ಪದದ ಕಾರ್ಡನ್ನು ನನ್ನ ಮುಂದಿಟ್ಟು, ‘ಇದಕ್ಕೆ ಕಥೆ ಕಟ್ಟೋದು ಅಂತಾನೂ ಅರ್ಥ ಇದೆ. ನಿಮ್ಮತ್ರ ವಾಕ್ಯ ಇರಬೇಕಲ್ಲ?’ ಎಂದರು. ‘ತಡವಾಗಿ ಬಂದ ಟೈಪಿಸ್ಟ್ ಬಸ್ಸು ಕೆಟ್ಟಿತೆಂದು ಕಥೆ ಕಟ್ಟಿದಳು’ ಎಂದು ಬರೆದೆ. ಕೋಣೆಯೆಲ್ಲ ನಕ್ಕಿತು. ಅದು ನನ್ನ ಮೊದಲ ಕಾರ್ಡ್. ಆ ತಿಂಗಳೇ ನನ್ನನ್ನು ಟೈಪಿನ ಮೇಜಿನಿಂದ ಎಬ್ಬಿಸಿ ಕಾರ್ಡಿನ ಮೇಜಿಗೆ ಕೂರಿಸಿದರು. ಪುಸ್ತಕದಲ್ಲಿ ಆ ವಾಕ್ಯ ಇವತ್ತಿಗೂ ಇದೆ, ಬೇಕಾದವರು ನೋಡಿಕೊಳ್ಳಬಹುದು.

ಆ ಒಂದು ಪದದಿಂದಲೇ ನನಗೆ ಆ ಮನೆತನವೆಲ್ಲ ಗಂಟುಬಿತ್ತು. ಅರ್ಥದಲ್ಲಿ ಹತ್ತಿರದ ಕ್ರಿಯಾಪದಗಳೆಲ್ಲ ಒಂದೇ ಕೈಯಲ್ಲಿ ಆಗಬೇಕು ಎನ್ನುವುದು ದೊಡ್ಡವರ ಪದ್ಧತಿ. ಹಾಗೆ ಯೋಚನೆ, ಯೋಜನೆ, ಹಂಚಿಕೆ, ಹೊಂಚು, ಸಂಚು, ಹುನ್ನಾರ, ಪಿತೂರಿಗಳ ಇಂಗ್ಲಿಷ್ ಬಳಗವೆಲ್ಲ ಒಂದೇ ಡ್ರಾಯರಿನಲ್ಲಿ ನನ್ನ ಪಾಲಿಗೆ ಬಂತು. ಕಚೇರಿಯಲ್ಲಿ ಅದಕ್ಕೆ ಸಂಚಿನ ಡ್ರಾಯರ್ ಎಂದೇ ಹೆಸರು. ನಮ್ಮ ಕರಡು ತಿದ್ದುವ ಹಿರಿಯರು, ಎಲ್ಲರ ಬಾಯಲ್ಲೂ ಪ್ರೂಫಣ್ಣ, ದಿನಾ ಕೇಳುತ್ತಿದ್ದರು: ‘ಏನಮ್ಮಾ, ಇವತ್ತು ಯಾರಿಗೆ ಗುಂಡಿ ತೋಡ್ತಿದೀಯಾ?’

ಅವು ಒಂದೇ ಮನೆಯ ಅಕ್ಕತಂಗಿಯರಿದ್ದ ಹಾಗೆ. ದೂರದಿಂದ ನೋಡಿದರೆ ಮುಖ ಒಂದೇ, ಜೊತೆಗಿದ್ದವರಿಗೆ ಗುಣ ಗೊತ್ತು. ‘ಪ್ಲಾನ್’ ಹಿರಿಯಕ್ಕ, ಮರ್ಯಾದಸ್ಥೆ, ಹೇಳಿದ್ದನ್ನು ಹಗಲಲ್ಲೇ ಮಾಡುವವಳು. ನನ್ನ ವಾಕ್ಯ: ‘ಈ ಭಾನುವಾರ ಕಪಾಟು ಖಾಲಿ ಮಾಡಬೇಕೆಂದು ಅಮ್ಮ ಆರು ವರ್ಷದಿಂದ ಯೋಜಿಸುತ್ತಿದ್ದಾರೆ.’ ದೊಡ್ಡವರು ನಗದೇ ಸಹಿ ಹಾಕಿದರು. ‘ಡಿವೈಜ್’ ಕೈಕೆಲಸ ಬಲ್ಲವಳು. ‘ಸೋರುವ ನಲ್ಲಿಗೆ ಪ್ರೂಫಣ್ಣ ಹಳೆಯ ಸೈಕಲ್ ಟ್ಯೂಬಿನಿಂದ ಒಂದು ಉಪಾಯ ಹೂಡಿದರು.’ ಅದಕ್ಕೆ ದೊಡ್ಡವರು ನಲ್ಲಿಯ ಹತ್ತಿರ ಹೋಗಿ ನೋಡಿ ಬಂದು ಸಹಿ ಹಾಕಿದರು. ‘ಹ್ಯಾಚ್’ ಮೊಟ್ಟೆಗೆ ಕಾವು ಕೊಡುವಂತೆ ಒಳಗೇ ಬೆಚ್ಚಗಿಟ್ಟುಕೊಂಡು ಮರಿ ಮಾಡುವವಳು. ‘ಕಾಂಟ್ರೈವ್’ ಇಲ್ಲದ ದಾರಿಯನ್ನು ಇದ್ದಂತೆ ಮಾಡುವವಳು. ‘ಸ್ಕೀಮ್’ ನಗುನಗುತ್ತಲೇ ಪಕ್ಕದವರ ತಟ್ಟೆಗೆ ಕಣ್ಣು ಹಾಕುವವಳು. ‘ಪ್ಲಾಟ್’ ಬಾಗಿಲು ಹಾಕಿಕೊಂಡು ಮಾತಾಡುವವಳು.

ಇಂಥವರು ಇನ್ನೂ ಕೆಲವರಿದ್ದರು. ಹೇಳಲೇಬೇಕಾದವರು ಇನ್ನಿಬ್ಬರು. ಈ ಇಬ್ಬರನ್ನು ಮಾತ್ರ ನೆನಪಿಟ್ಟುಕೊಳ್ಳಿ, ಉಳಿದವರನ್ನು ಮರೆತರೂ ಚಿಂತೆಯಿಲ್ಲ. ಒಬ್ಬಳು ‘ಕನ್‌ಸ್ಪೈರ್’. ಕೂಡಿ ಸಂಚು ಮಾಡುವುದು. ಒಬ್ಬರಿಂದ ಆಗುವ ಕೆಲಸವಲ್ಲ, ಕಡಿಮೆಯೆಂದರೆ ಇಬ್ಬರು ಬೇಕು. ಇನ್ನೊಬ್ಬಳು ‘ಕನೈವ್’. ಎದುರಿಗೆ ತಪ್ಪು ನಡೆಯುತ್ತಿದ್ದರೂ ಕಂಡೂ ಕಾಣದಂತೆ ಇದ್ದು, ಅದು ನಡೆಯಲು ಬಿಡುವುದು.

ನೀರು ಕುಡಿಯುತ್ತೇನೆ, ಕ್ಷಮಿಸಿ.

ಕೆಲಸ ನಿಧಾನವಾಗುತ್ತ ಹೋಯಿತು. ದೊಡ್ಡವರು ಬಿಟ್ಟುಕೊಡುವವರಲ್ಲ. ‘ಎಸ್’ ಅಕ್ಷರವೊಂದರಲ್ಲೇ ನಾಲ್ಕು ವರ್ಷ ಕೂತೆವು. ಸಹಿ ಹಾಕಿದ ಕಾರ್ಡನ್ನೇ ಮತ್ತೆ ತೆಗೆದು ತಿದ್ದುತ್ತಿದ್ದರು. ಇನ್ನೊಂದು ವರ್ಷದಲ್ಲಿ ಪುಸ್ತಕ ಬಾರದಿದ್ದರೆ ಕಚೇರಿ ಮುಚ್ಚುತ್ತೇವೆ ಎಂದು ಸಮಿತಿ ಪತ್ರ ಬರೆಯಿತು. ದೊಡ್ಡವರು ಅದರಲ್ಲಿ ಎರಡು ಕಾಗುಣಿತ ತಿದ್ದಿ ವಾಪಸ್ ಕಳಿಸಿದರು.

ಆ ಸಮಯದಲ್ಲಿ ಅಧ್ಯಕ್ಷರು ಕಚೇರಿಗೆ ಬಂದಿದ್ದರು. ಅಧ್ಯಕ್ಷರೇ, ತಮಗೆ ನೆನಪಿರಬಹುದು. ಎಲ್ಲರೂ ನಿಂತಿದ್ದೆವು. ತಾವು ಕೇಳಿದಿರಿ: ‘ನಿಮ್ಮ ನಂತರ ಈ ಕೆಲಸ ಯಾರು ನೋಡ್ಕೋತಾರೆ?’ ನಾನು ದೊಡ್ಡವರ ಪಕ್ಕದಲ್ಲೇ ನಿಂತಿದ್ದೆ. ಇಪ್ಪತ್ತೈದು ವರ್ಷ ಅದೇ ಪಕ್ಕದಲ್ಲಿ ನಿಂತಿದ್ದವಳು. ನನ್ನ ಹೆಸರು ಬರುತ್ತದೆ ಎಂದು ಸೆರಗು ಸರಿಮಾಡಿಕೊಂಡೆ. ಸುಳ್ಳೇಕೆ, ಮಾಡಿಕೊಂಡೆ. ದೊಡ್ಡವರು ಹೇಳಿದರು: ‘ಇನ್ನೂ ಯಾರೂ ತಯಾರಾಗಿಲ್ಲ.’

ಮನೆಗೆ ಹೋಗಿ ಅಮ್ಮನ ಮುಂದೆ ಅತ್ತೆ. ಅಮ್ಮ, ‘ಅವರು ಹಾಗಂದಿದ್ದು ನೀನು ನೋಡಿದ್ಯಾ?’ ಎಂದರು. ನೋಡಿದ್ದೆ, ಅದೇ ಕಷ್ಟ. ಅಂದಿನಿಂದ ನನಗೆ ಆ ಕುರ್ಚಿ ಬೇಕಾಯಿತು. ಕೆಲಸಕ್ಕಾಗಿ, ನಿಘಂಟಿಗಾಗಿ, ಭಾಷೆಗಾಗಿ ಎಂದೆಲ್ಲ ನನಗೆ ನಾನೇ ಹೇಳಿಕೊಂಡೆ. ಅದೆಲ್ಲ ಅಲಂಕಾರ. ಕುರ್ಚಿ ಬೇಕಿತ್ತು.

ದೊಡ್ಡವರಿಗೆ ಆಗ ಕಣ್ಣಿಗೆ ಪೊರೆ ಬರುತ್ತಿತ್ತು. ಕಾರ್ಡನ್ನು ಮೂಗಿನ ಹತ್ತಿರ ಹಿಡಿದು ಓದುವುದನ್ನು ನಾವೆಲ್ಲ ನೋಡಿದ್ದೆವು. ನಡುವೆ ಎರಡು ವಾರ ರಜೆ ಹಾಕಿದರು. ಮಗಳ ಮನೆಗೆ ಹೋಗುತ್ತೇನೆ ಎಂದರು. ಬಂದ ಮೇಲೆ ಕಾರ್ಡನ್ನು ಮೂಗಿನ ಹತ್ತಿರ ಹಿಡಿಯುವುದನ್ನು ನಿಲ್ಲಿಸಿದರು. ಸುಮ್ಮನೆ ಮೇಜಿನ ಮೇಲಿಟ್ಟುಕೊಂಡು ಸಹಿ ಹಾಕತೊಡಗಿದರು. ನಾನು ಏನೆಂದು ತಿಳಿದೆ ಗೊತ್ತೇ? ಓದುವ ಪ್ರಯತ್ನವನ್ನೇ ಬಿಟ್ಟಿದ್ದಾರೆ, ಕುರುಡು ಸಹಿ ಹಾಕುತ್ತಿದ್ದಾರೆ ಎಂದು ತಿಳಿದೆ. ನೋಡಬೇಕೆನಿಸಿದ್ದನ್ನೇ ನೋಡಿದೆ.

ಇಲ್ಲಿ ನಾನು ಮಾಡಿದ ಪೆದ್ದು ಕೆಲಸವನ್ನು ಕೇಳಿ. ಬೇರೆ ಕಚೇರಿಯಲ್ಲಿ ಸಂಚು ಮಾಡುವವರು ಬಾಯಿಗೆ ಬೀಗ ಹಾಕಿಕೊಂಡು ಮಾಡುತ್ತಾರೆ. ನಾನು ಮಾಡುತ್ತಿದ್ದದ್ದು ನಿಘಂಟಿನ ಕಚೇರಿಯಲ್ಲಿ, ಅದೂ ಸಂಚಿನ ಡ್ರಾಯರನ್ನು ಮುಗಿಸುತ್ತಿದ್ದ ತಿಂಗಳಲ್ಲಿ. ‘ಪ್ಲಾಟ್’ ಕಾರ್ಡಿಗೆ ವಾಕ್ಯ ಬೇಕಿತ್ತು. ಮೊದಲು ‘ಮಂತ್ರಿಯು ರಾಜನ ವಿರುದ್ಧ ಸಂಚು ಹೂಡಿದನು’ ಎಂದು ಬರೆದೆ. ಬರೆಯುವಾಗಲೇ ಕಿವಿಯಲ್ಲಿ ‘ಯಾವ ಮಂತ್ರಿ? ನೀವು ನೋಡಿದ್ರಾ?’ ಎಂದು ಕೇಳಿಸಿತು. ಹರಿದು ಹಾಕಿದೆ. ಸುಳ್ಳು ಬರೆಯಲು ಕೈ ಒಗ್ಗಲೇ ಇಲ್ಲ. ಕೊನೆಗೆ ನಿಜವನ್ನೇ ಬರೆದೆ: ‘ಒಬ್ಬಳು ತನ್ನ ಹಿರಿಯರನ್ನು ಕುರ್ಚಿಯಿಂದ ಎಬ್ಬಿಸಲು ಸಂಚು ಹೂಡುತ್ತಿದ್ದಾಳೆ.’ ‘ಸ್ಕೀಮ್’ ಕಾರ್ಡಿಗೆ: ‘ಎದುರಿಗೆ ನಮಸ್ಕಾರ ಮಾಡುತ್ತಲೇ ಅವಳು ಒಳಗೊಳಗೇ ಹುನ್ನಾರ ನಡೆಸುತ್ತಾಳೆ.’ ಹೀಗೆ ಏಳು ಕಾರ್ಡ್. ಅವನ್ನು ಎತ್ತಿಕೊಂಡು ಹೋಗಿ ಯಾರ ವಿರುದ್ಧ ಸಂಚೋ ಅವರ ಮೇಜಿನ ಮೇಲೇ ಸಹಿಗೆ ಇಟ್ಟೆ. ಓದಿದರೆ ಸಿಕ್ಕಿಬೀಳುತ್ತೇನೆ, ಓದದಿದ್ದರೆ ಅವರಿಗೆ ಕಣ್ಣಿಲ್ಲವೆಂದು ಸಾಬೀತಾಗುತ್ತದೆ. ಸಿಕ್ಕಿಬೀಳಲಿ ಎಂದೂ ಒಂದು ಕಡೆ ಆಸೆಯಿತ್ತೋ ಏನೋ.

ದೊಡ್ಡವರು ಏಳಕ್ಕೂ ಒಂದೊಂದಾಗಿ ಸಹಿ ಹಾಕಿದರು. ಎಲ್ಲ ಮುಗಿಸಿ, ‘ಕನ್‌ಸ್ಪೈರ್ ಎಲ್ಲಿ?’ ಎಂದು ಕೇಳಿದರು.

‘ಅದಕ್ಕೆ ಇಬ್ಬರು ಬೇಕು ಸಾರ್. ವಾಕ್ಯ ಸಿಗ್ತಿಲ್ಲ’ ಎಂದೆ. ಅದೂ ನಿಜವೇ. ನನ್ನ ಸಂಚಿನಲ್ಲಿ ನಾನು ಒಬ್ಬಳೇ ಇದ್ದೆ.

‘ಸಿಗದಿದ್ರೆ ಖಾಲಿ ಬಿಡಿ, ಸುಳ್ಳು ಬೇಡ. ಕನೈವ್ ಕಾರ್ಡ್ ಮಾತ್ರ ನನ್ನತ್ರ ಇರ್ಲಿ. ಅದು ನಾನು ಬರೀತೀನಿ’ ಎಂದರು. ನನಗೆ ಸಮಾಧಾನವಾಯಿತು. ಒಂದು ಕಾರ್ಡಿನ ಕೆಲಸ ಉಳಿಯಿತಲ್ಲ ಎಂದುಕೊಂಡು ಬಂದೆ.

ಮರುದಿನ ಕೊನೆಯ ಕೆಲಸ ಮಾಡಿದೆ. ಇಪ್ಪತ್ತು ಕಾರ್ಡ್‌ಗಳ ಕಟ್ಟಿನ ನಡುವೆ ಒಂದು ಖಾಲಿ ಕಾರ್ಡ್ ಸೇರಿಸಿದೆ. ಪದವಿಲ್ಲ, ಅರ್ಥವಿಲ್ಲ, ವಾಕ್ಯವಿಲ್ಲ, ಬರೀ ಬಿಳಿ. ದೊಡ್ಡವರು ಕಟ್ಟು ಬಿಚ್ಚಿ ಸಹಿ ಹಾಕುತ್ತ ಬಂದರು. ಖಾಲಿ ಕಾರ್ಡಿನ ಹತ್ತಿರ ಪೆನ್ನು ಒಂದು ಕ್ಷಣ ನಿಂತಿತು. ಕಿಟಕಿಯ ಕಡೆ ನೋಡಿದರು. ಆಮೇಲೆ ಬಲಮೂಲೆಯಲ್ಲಿ ಸಹಿ ಹಾಕಿದರು. ಎಂದಿಗಿಂತ ಸ್ಪಷ್ಟವಾದ ಸಹಿ.

ಆ ಕಾರ್ಡನ್ನು ಲಕೋಟೆಯಲ್ಲಿಟ್ಟೆ. ಜೊತೆಗೆ ಹೆಸರಿಲ್ಲದ ಒಂದು ಪತ್ರ: ‘ಪ್ರಧಾನ ಸಂಪಾದಕರಿಗೆ ಕಣ್ಣು ಕಾಣಿಸುತ್ತಿಲ್ಲ. ಖಾಲಿ ಕಾರ್ಡಿಗೂ ಸಹಿ ಹಾಕುತ್ತಿದ್ದಾರೆ. ಪುರಾವೆ ಲಗತ್ತಿಸಿದೆ.’ ಹೌದು, ಸಮಿತಿಯ ಸದಸ್ಯರೇ. ಎಂಟು ತಿಂಗಳಿಂದ ನೀವು ಯಾರು ಯಾರೆಂದು ಪಿಸುಗುಡುತ್ತಿದ್ದೀರಲ್ಲ, ಆ ಪತ್ರ ಬರೆದದ್ದು ನಾನು.

ಆಮೇಲಿನದು ನಿಮಗೆಲ್ಲ ಗೊತ್ತು. ಸಮಿತಿ ದೊಡ್ಡವರನ್ನು ಕರೆಯಿತು. ‘ಈ ಸಹಿ ನಿಮ್ಮದೇನಾ?’ ಎಂದು ಕೇಳಿತು. ‘ನಂದೇ’ ಎಂದರು. ಇನ್ನೇನೂ ಹೇಳಲಿಲ್ಲ. ದೃಷ್ಟಿದೋಷದ ಕಾರಣಕ್ಕೆ ನಿವೃತ್ತಿ ಎಂದು ಆದೇಶವಾಯಿತು. ದೊಡ್ಡವರು ತಮ್ಮ ಪೆನ್ನು, ಒಂದು ಕೊಡೆ ಎತ್ತಿಕೊಂಡು ಹೋದರು. ನಾನು ಬಾಗಿಲವರೆಗೆ ಹೋಗಿ ಕಣ್ಣೀರು ಹಾಕಿದೆ. ಆ ಕಣ್ಣೀರು ನಿಜವಾಗಿತ್ತು ಎಂದರೆ ನೀವು ನಂಬಬೇಕಾಗಿಲ್ಲ, ನನಗೇ ನಂಬಿಕೆಯಿಲ್ಲ.

ಎಂಟು ತಿಂಗಳಲ್ಲಿ ಪುಸ್ತಕ ಮುಗಿಯಿತು. ಮುನ್ನುಡಿ ನಾನು ಬರೆದೆ. ಇಲ್ಲಿ ಈ ಮೇಜಿನ ಮೇಲೆ ಬಣ್ಣದ ಕಾಗದದಲ್ಲಿ ಸುತ್ತಿಟ್ಟಿರುವ ಪ್ರತಿಗಳೇ ಅವು. ಅಧ್ಯಕ್ಷರ ಬಳಿ ಇನ್ನೊಂದು ಲಕೋಟೆಯಿದೆ. ನಾಳೆಯಿಂದ ಪ್ರಧಾನ ಸಂಪಾದಕಿ ಎಂಬ ನೇಮಕದ ಆದೇಶ, ನನ್ನ ಹೆಸರಿಗೆ. ಈ ಭಾಷಣ ಮುಗಿದ ಮೇಲೆ ಕೊಡುವುದೆಂದು ಕಾರ್ಯಕ್ರಮ ಪಟ್ಟಿಯಲ್ಲಿದೆ. ನೀವು ಓದಿರುತ್ತೀರಿ.

ಈಗ ಇವತ್ತು ಬೆಳಿಗ್ಗೆಯ ವಿಷಯ. ಮುದ್ರಣಾಲಯದಿಂದ ಮೊದಲ ಪ್ರತಿ ಬಂತು. ಅಷ್ಟು ವರ್ಷ ಕಾದದ್ದು. ಬಿಡಿಸಿದೆ. ಎಲ್ಲರೂ ಏನು ನೋಡುತ್ತಾರೋ ಅದನ್ನೇ ನೋಡಿದೆ, ನನ್ನ ಪದಗಳನ್ನು. ‘ಕನೈವ್’ ಬಂತು. ಕರಡಿನಲ್ಲಿ ಆ ಜಾಗ ಖಾಲಿಯಿತ್ತು. ‘ದೊಡ್ಡವರು ಹೋಗೋವಾಗ ಒಂದು ಕಾರ್ಡ್ ಕೊಟ್ಟೋಗಿದಾರೆ, ಕೊನೇಲಿ ನಾನೇ ಸೇರಿಸ್ತೀನಿ’ ಎಂದು ಪ್ರೂಫಣ್ಣ ಹೇಳಿದ್ದು ನನಗೆ ಮರೆತೇ ಹೋಗಿತ್ತು. ಅಲ್ಲಿ ದೊಡ್ಡವರ ವಾಕ್ಯ ಅಚ್ಚಾಗಿತ್ತು. ನಿಮಗಾಗಿ ಓದುತ್ತೇನೆ.

‘ನನ್ನ ಮುಂದೆ ಒಂದು ಖಾಲಿ ಕಾರ್ಡ್ ಇಟ್ಟರು, ಕಂಡೂ ಕಾಣದಂತೆ ಸಹಿ ಹಾಕಿದೆ.’

ಪುಸ್ತಕ ಎತ್ತಿಕೊಂಡು ನೇರ ಅವರ ಮನೆಗೆ ಹೋದೆ. ಚಪ್ಪಲಿ ಬೇರೆ ಬೇರೆ ಜೋಡಿಯದು ಹಾಕಿಕೊಂಡು ಹೋಗಿದ್ದೆ, ಅಲ್ಲಿ ಹೋದ ಮೇಲೆ ಗೊತ್ತಾಯಿತು. ಅದನ್ನು ಮೊದಲು ನೋಡಿದ್ದು ದೊಡ್ಡವರೇ. ಕನ್ನಡಕವಿಲ್ಲದೆ ಪತ್ರಿಕೆ ಓದುತ್ತಿದ್ದರು. ತಲೆಯೆತ್ತಿ, ‘ಎಡಗಾಲಿಂದು ನಿಮ್ಮ ಅಮ್ಮಂದಾ?’ ಎಂದರು.

ಅವರ ಹೆಂಡತಿಯನ್ನು ನಾವು ಅಕ್ಕ ಎನ್ನುತ್ತೇವೆ. ಅಕ್ಕ ಬಾಗಿಲಲ್ಲಿ ನಿಂತು ಎಲ್ಲ ಹೇಳಿದರು. ‘ಮಗಳ ಮನೇಗೆ ಅಂತ ಹೋಗಿದ್ದೇ ಕಣ್ಣಿನ ಆಪರೇಷನ್‌ಗೆ. ಎರಡೂ ಕಣ್ಣು ಚೆನ್ನಾಗಿ ಕಾಣ್ಸುತ್ತೆ. ಹೇಳಿದ್ರೆ ಎಲ್ರೂ ನೋಡೋಕೆ ಬರ್ತಾರೆ, ಕೆಲ್ಸ ನಿಲ್ಲುತ್ತೆ ಅಂತ ನನ್ ಬಾಯಿ ಮುಚ್ಚಿಸಿದ್ರು. ಈಗ ಬೀದೀಲೆಲ್ಲ ಕುರುಡು ಅಂತ ಹೆಸರಾಗಿದೆ. ರಸ್ತೆ ದಾಟೋಕೆ ನಿಂತ್ರೆ ಕೈ ಹಿಡ್ಕೊಂಡು ಎಳೀತಾರೆ, ದಾಟೋದು ಬೇಡ ಅಂದ್ರೂ ದಾಟಿಸ್ತಾರೆ. ಅಂಗಡಿಯವರು ನನ್ನನ್ನ ಕೇಳ್ತಾರೆ, ಸಾಹೇಬ್ರಿಗೆ ಯಾವ ಸೋಪು ಅಂತ. ಇವರ ಮುಂದೇನೇ.’

ನಾನು ದೊಡ್ಡವರನ್ನೇ ಕೇಳಿದೆ. ‘ಆ ಏಳು ಕಾರ್ಡ್ ಓದಿದ್ರಾ ಸಾರ್?’

‘ಓದದೆ ಯಾವತ್ತು ಸಹಿ ಹಾಕಿದೀನಿ? ಎಲ್ಲ ನಿಜ ಇತ್ತು. ಸಹಿ ಹಾಕ್ದೆ.’

‘ಖಾಲಿ ಕಾರ್ಡಿಗೆ ಯಾಕೆ ಹಾಕಿದ್ರಿ?’

ಅವರು ಪತ್ರಿಕೆ ಮಡಿಚಿದರು. ‘ನಾನಿದ್ರೆ ಪುಸ್ತಕ ಮುಗೀತಿರ್ಲಿಲ್ಲ. ಅದು ನಂಗೆ ಗೊತ್ತಿತ್ತು. ಎದ್ದು ಹೋಗ್ತೀನಿ ಅನ್ನೋಕೆ ಬಾಯಿ ಬರ್ತಿರ್ಲಿಲ್ಲ. ಯಾರಾದ್ರೂ ಎಬ್ಬಿಸ್ಬೇಕಿತ್ತು. ನೀವು ಬಂದ್ರಿ. ಸಂಚು ಮಾಡ್ತಾನೂ ಸುಳ್ಳು ವಾಕ್ಯ ಬರೆಯೋಕೆ ನಿಮ್ಮ ಕೈಲಿ ಆಗ್ಲಿಲ್ಲ. ಅವತ್ತೇ ಅಂದ್ಕೊಂಡೆ, ಈಗ ತಯಾರಾದ್ರು ಅಂತ.’

‘ನಿಮಗೆ ಬೇಜಾರಾಗ್ಲಿಲ್ವಾ?’

‘ಆಯ್ತು’ ಎಂದರು. ‘ತುಂಬಾ ಆಯ್ತು. ಕುರ್ಚಿ ಹೋಗಿದ್ದಕ್ಕಲ್ಲ. ಎಂಟು ತಿಂಗಳಲ್ಲಿ ನೀವು ಒಂದು ಸಲನೂ ಬರ್ಲಿಲ್ಲ.’

ಸಭಿಕರೇ, ನನಗೆ ಅಲ್ಲೇ ನೆಲ ಬಾಯಿಬಿಟ್ಟು ನುಂಗಬಾರದೇ ಎನಿಸಿತು. ಅತ್ತೆ. ಅಕ್ಕ ನೀರು ತಂದುಕೊಟ್ಟರು. ದೊಡ್ಡವರು ಪುಸ್ತಕ ತೆಗೆದುಕೊಂಡು ಪುಟ ತಿರುವಿದರು. ಅವರಿಗೆ ಸಮಾಧಾನ ಮಾಡಲು ಬರುವುದಿಲ್ಲ, ತಪ್ಪು ಹುಡುಕಲು ಮಾತ್ರ ಬರುತ್ತದೆ. ಮುನ್ನುಡಿಯ ಎರಡನೆಯ ಪುಟದಲ್ಲಿ ಬೆರಳಿಟ್ಟು ನಿಂತರು. ‘ಇದು ನೀವು ನೋಡಿದ್ರಾ?’ ಎಂದರು. ಆಮೇಲೆ ‘ಕನ್‌ಸ್ಪೈರ್’ ಇರುವ ಪುಟ ತೆಗೆದರು. ‘ಇದು ಖಾಲಿ ಹೋಯ್ತಲ್ರೀ. ಇಬ್ಬರು ಸಿಗ್ಲಿಲ್ಲ ಅಂದಿದ್ರಿ. ಇಬ್ಬರಿದ್ರಲ್ಲ?’

ಅಷ್ಟು ಹೇಳಿ ಸನ್ಮಾನಕ್ಕೆ ಬಟ್ಟೆ ಬದಲಾಯಿಸಲು ಒಳಗೆ ಹೋದರು. ನಾನು ಆ ಬೇರೆ ಬೇರೆ ಚಪ್ಪಲಿಯಲ್ಲೇ ಇಲ್ಲಿಗೆ ಬಂದೆ. ಈಗಲೂ ಅವೇ ಇವೆ. ಬೆಳಿಗ್ಗೆಯಿಂದ ಒಂದು ಕಡೆ ಕೂತಿಲ್ಲ. ಈ ಸಭಾಂಗಣದ ಸುತ್ತ ನಾಲ್ಕು ಸುತ್ತು ಹಾಕಿದ್ದೇನೆ, ಕಾವಲುಗಾರರು ‘ಏನಾದ್ರೂ ಕಳೆದೋಯ್ತಾ ಅಮ್ಮ’ ಎಂದು ಕೇಳಿದರು. ಸುಮ್ಮನಿದ್ದುಬಿಡಬಹುದಿತ್ತು. ದೊಡ್ಡವರು ಯಾರಿಗೂ ಹೇಳುವವರಲ್ಲ. ನಿಘಂಟಿನ ವಾಕ್ಯಗಳನ್ನು ಯಾರು ಓದುತ್ತಾರೆ? ಲಕೋಟೆ ತೆಗೆದುಕೊಂಡು, ಮೂರು ಹಾಳೆ ಓದಿ, ಅವರನ್ನು ಕೈ ಹಿಡಿದು ಕೆಳಗಿಳಿಸಬಹುದಿತ್ತು. ಅವರು ಇಳಿಯುತ್ತಿದ್ದರು ಕೂಡ.

ಆದರೆ ಇವತ್ತು ಶನಿವಾರ. ದಯವಿಟ್ಟು ಎಲ್ಲರೂ ಪೆನ್ನು ಕೆಳಗಿಡಿ. ನಮ್ಮ ಕಚೇರಿಯವರು ಆಗಲೇ ಇಟ್ಟದ್ದು ಕಾಣಿಸುತ್ತಿದೆ.

ಮುನ್ನುಡಿಯ ಎರಡನೆಯ ಪುಟ, ಮೂರನೆಯ ಪ್ಯಾರಾ. ನಾನು ಬರೆದದ್ದು. ‘ದೃಷ್ಟಿ ಸಂಪೂರ್ಣ ಕುಂದಿದ ಕಾರಣ ಪ್ರಧಾನ ಸಂಪಾದಕರಿಗೆ ಕೊನೆಯ ವರ್ಷದ ಕಾರ್ಡ್‌ಗಳನ್ನು ಓದಲಾಗಲಿಲ್ಲ.’

ಇದು ಸುಳ್ಳು.

ಇಷ್ಟು ದಪ್ಪ ಪುಸ್ತಕದಲ್ಲಿ ನನಗೆ ಗೊತ್ತಿರುವ ಸುಳ್ಳು ವಾಕ್ಯ ಇದೊಂದೇ. ಒಂದೊಂದು ಪ್ರತಿಗೂ ಒಂದು ತಿದ್ದುಪಡಿ ಚೀಟಿ ಅಂಟಿಸಬೇಕು. ಅಂಟಿಸುವ ಕೆಲಸ ನಾನು ಮಾಡುತ್ತೇನೆ, ಯಾವ ಹುದ್ದೆಯಲ್ಲಿ ಎನ್ನುವುದನ್ನು ಸಮಿತಿ ತೀರ್ಮಾನಿಸಲಿ. ಅಧ್ಯಕ್ಷರೇ, ಆ ಲಕೋಟೆಯನ್ನು ಸದ್ಯಕ್ಕೆ ಜೇಬಿನಲ್ಲೇ ಇಟ್ಟುಕೊಳ್ಳಿ.

ನಿಯಮದ ಪ್ರಕಾರ ಈಗ ಒಂದು ನಿಜವಾದ ವಾಕ್ಯ ಬರೆಯಬೇಕು. ಅದಕ್ಕೆ ಒಂದು ಖಾಲಿ ಕಾರ್ಡ್ ಬೇಕು. ಹೊಸ ಪ್ರಧಾನ ಸಂಪಾದಕಿಗೆಂದು ಸಮಿತಿಯವರು ಹಳೆಯ ಕಡತಗಳನ್ನೆಲ್ಲ ಮೊನ್ನೆ ನನ್ನ ಮೇಜಿಗೆ ಕಳಿಸಿದ್ದರು. ಅದರಲ್ಲಿ ನನ್ನ ಲಕೋಟೆಯೂ ಇತ್ತು, ಲಕೋಟೆಯೊಳಗೆ ಈ ಕಾರ್ಡೂ ಇತ್ತು. ನೋಡಿ, ಇದೇ. ಯಾರಾದರೂ ಒಂದು ಪೆನ್ನು ಕೊಡಿ, ನನ್ನದು ಎಲ್ಲಿ ಬಿತ್ತೋ. ಪ್ರೂಫಣ್ಣ, ನಿಮ್ಮದೇ ಕೊಡಿ. ಕೆಂಪಾದರೂ ಆದೀತು.

ಬರೆಯುತ್ತಿದ್ದೇನೆ. ಪದ, ಕನ್‌ಸ್ಪೈರ್. ಅರ್ಥ, ಇಬ್ಬರು ಅಥವಾ ಹೆಚ್ಚು ಜನ ಕೂಡಿ ಸಂಚು ಮಾಡು. ವಾಕ್ಯ: ‘ಕಣ್ಣು ಚೆನ್ನಾಗಿದ್ದ ಹಿರಿಯರನ್ನು ಕುರುಡರೆಂದು ಹೇಳಿ ಎಬ್ಬಿಸಲು ಒಬ್ಬಳು ಹೊರಟಳು, ಪುಸ್ತಕ ಮುಗಿಯಲೆಂದು ಆ ಹಿರಿಯರೂ ಅವಳ ಸಂಚಿನಲ್ಲಿ ಸೇರಿಕೊಂಡರು.’

ನಾನು ನೋಡಿದ್ದೇನೆ ಸಾರ್. ಸಹಿಗೆ ಈ ಕಾರ್ಡನ್ನು ನಿಮ್ಮ ಹತ್ತಿರ ತರಬೇಕಾಗಿಲ್ಲ. ಬಲಮೂಲೆಯಲ್ಲಿ ನೀವು ಎಂಟು ತಿಂಗಳ ಹಿಂದೆಯೇ ಹಾಕಿಟ್ಟಿದ್ದೀರಿ.

ಇಷ್ಟು ಹೊತ್ತು ಕೇಳಿಸಿಕೊಂಡ ಎಲ್ಲರಿಗೂ, ಮೂರನೆಯ ಸಲ ಗಡಿಯಾರ ನೋಡದ ಅಧ್ಯಕ್ಷರಿಗೂ, ಬಾಗಿಲ ಪಕ್ಕದಲ್ಲಿದ್ದೂ ಎದ್ದು ಹೋಗದವರಿಗೂ ನಾನು ಋಣಿ. ಕೊನೆಯದಾಗಿ ಒಂದು ವಿನಂತಿ. ಕಾರ್ಯಕ್ರಮ ಮುಗಿದ ಮೇಲೆ ದೊಡ್ಡವರು ವೇದಿಕೆಯಿಂದ ಇಳಿಯುವಾಗ ದಯವಿಟ್ಟು ಯಾರೂ ಅವರ ಕೈ ಹಿಡಿಯಬೇಡಿ. ಮೆಟ್ಟಿಲು ಅವರಿಗೆ ಕಾಣಿಸುತ್ತದೆ. ಹಿಡಿಯಲೇಬೇಕೆಂದಿದ್ದರೆ ನನ್ನ ಕೈ ಹಿಡಿಯಿರಿ, ಕಾಲು ನಡುಗುತ್ತಿದೆ.

ನಮಸ್ಕಾರ.